ಮೊಲದ ಬದಲು

ಜೆ.ಪಿ. ನಗರದ ನಮ್ಮ ಲ್ಯಾಬಿಗೆ ಫ್ಯಾಕ್ಟರಿ ಓನರ್ ಒಬ್ಬರು, ಸಾರಕ್ಕಿ ಸಿಗ್ನಲ್ಲಿಗೆ ಶಾಪ ಹಾಕುತ್ತಾ, ಕ್ಯಾನ್ ಹಿಡಿದು ಬಂದರು. ಮೆಷಿನ್ ಜಿಡ್ಡು ತೊಳೆಯುವ ಕೆಮಿಕಲ್. ಮೊಲದ ಮೇಲೆ ಹಚ್ಚಿ, ಚರ್ಮ ಉರಿಯಲ್ಲ ಅಂತ ರಿಪೋರ್ಟ್ ಕೊಡಬೇಕಂತೆ.

ಮೊಲದ ಬೆನ್ನು ಬೋಳಿಸಿ ಕೆಮಿಕಲ್ ಹಚ್ಚೋದು ನನ್ನ ಕೆಲಸವೇ. ಆದರೆ ಮೊದಲು ಗ್ಲೌಸ್ ಹಾಕಿಕೊಂಡು ಪಿಎಚ್ ಕಾಗದ ಅದ್ದಿದೆ. ಕಡುನೀಲಿ! ಅಂದರೆ ತೀಕ್ಷ್ಣ ಕ್ಷಾರ.

“ಇದು ಸುಡೋದು ಗ್ಯಾರಂಟಿ ಸಾರ್. ಇಂಥದ್ದನ್ನ ಮೊಲಕ್ಕೆ ಹಚ್ಚಬಾರದು ಅಂತ ರೂಲ್ಸೇ ಇದೆ.”

“ಅಯ್ಯೋ ಮೇಡಂ, ನೀರಿದ್ದಂಗಿದೆ. ಒಂದ್ಸಲ ಹಚ್ಚಿ ನೋಡಿ.”

ಟ್ರಿಮ್ಮರ್ ಆನ್ ಮಾಡಿದೆ. “ಸರಿ, ನಿಮ್ಮ ಷರ್ಟಿನ ತೋಳು ಮಡಚಿ.”

ಅವರ ಕೈ ಸರಕ್ಕನೆ ಜೇಬಿನಲ್ಲಿ ಅಡಗಿತು. “ಗ್ಲೌಸ್ ಹಾಕ್ಕೊಂಡು ಬಳಸಿ ಅಂತ ಕ್ಯಾನ್ ಮೇಲೆ ಬರೆಸ್ತೀನಿ, ಬಿಡಿ.”

ಹೊರಡುವಾಗ ಅದೇ ಕೈ ಚಾಚಿದರು. ಕುಲುಕಿದೆ, ಗ್ಲೌಸ್ ಬಿಚ್ಚದೆ.