ಒಂದು ಮುಳುಗು ಕಡಿಮೆ

ಮೇಷ್ಟ್ರೇ, ನಿಮ್ಮ ಕಣ್ಣಿಗೆ ಮಣ್ಣೆರಚಿದವಳು ನಾನೇ. ನೂಲನ್ನು ಬೇಕೆಂದೇ ತಿಳಿಯಾಗಿ ಅದ್ದಿದೆ. ನೀವೀಗ ಇಲ್ಲ, ಆದರೂ ನಿಮಗೇ ಹೇಳುತ್ತಿದ್ದೇನೆ — ತಲೆ ತಗ್ಗಿಸಿ ಅಲ್ಲ.

ಮೇಟೂರು ಅಣೆಕಟ್ಟು ಮೊದಲ ಸಲ ತುಂಬಿದ ಕಾಲ. ಗಂಡ ಸತ್ತು ಸೇಲಂನ ತವರಿಗೆ ಬಂದಿದ್ದೆ. ಮಗ್ಗದ ಮನೆಯಲ್ಲಿ ನನ್ನದೆಂದು ಇದ್ದದ್ದು ನೀಲಿ ಅದ್ದುವ ತೊಟ್ಟಿ ಒಂದೇ. ಅಪ್ಪ ಅದನ್ನು ನನಗೆ ಬಿಟ್ಟದ್ದು ಕರುಣೆಯಿಂದಲ್ಲ, ಬಣ್ಣ ಗುರುತಿಸುವ ನನ್ನ ಕಣ್ಣು ನೋಡಿ. ಆ ಕಣ್ಣನ್ನೇ ಅಲ್ಲವೇ ನೀವೂ ಹುಡುಕಿಕೊಂಡು ಬಂದದ್ದು, ಕಾಲೇಜಿನಿಂದ ನಮ್ಮ ಬೀದಿಗೆ?

ಸಂಜೆ ಮಾಳಿಗೆಯ ಮೇಲೆ ನೀವು ಹೇಳಿಕೊಟ್ಟದ್ದು ಮರೆತಿಲ್ಲ. ಸೂರ್ಯ ಮುಳುಗಿದ ಮೇಲೆ ಭೂಮಿಯ ನೆರಳು ಏರುತ್ತದೆ. ಅದು ಏರಿದಷ್ಟೂ ನೆತ್ತಿಯ ಮೇಲೆ ಕಾಣುವ ಬೆಳಕು ಇನ್ನೂ ಎತ್ತರದ ಗಾಳಿಯಿಂದ ಬಂದದ್ದು. ಬೇಗ ಕಪ್ಪಾದರೆ ಅಲ್ಲಿ ಗಾಳಿ ತೆಳು, ತಡವಾದರೆ ದಟ್ಟ. ಅಳೆಯಲು ನನ್ನ ಹನ್ನೆರಡು ಲಡಿ ನೂಲು — ಮೊದಲನೆಯದಕ್ಕೆ ನೀಲಿಯಲ್ಲಿ ಮೂರು ಮುಳುಗು, ಮುಂದಿನ ಒಂದೊಂದಕ್ಕೂ ಒಂದೊಂದು ಹೆಚ್ಚು; ಸಂಖ್ಯೆ ಏರಿದಷ್ಟೂ ಬಣ್ಣ ಕಡು. ದೀಪದ ಡಬ್ಬಿಯಲ್ಲಿ ಲಡಿಯಿಟ್ಟು, ಆಕಾಶಕ್ಕೆ ಹೋಲಿಸಿ ನಾನು ಸಂಖ್ಯೆ ಹೇಳಬೇಕು. ನೀವು ಗಡಿಯಾರ ನೋಡಿ ಬರೆಯಬೇಕು.

ಒಂದು ತಿಂಗಳು ನಾನು ಹೇಳಿದ್ದು ನಿಮ್ಮ ಸೂತ್ರಕ್ಕೆ ಹೊಂದಲೇ ಇಲ್ಲ.

“ಈ ಹೊತ್ತಿಗೆ ಒಂಬತ್ತಾಗ್ಬೇಕಮ್ಮಾ. ನಿನ್ ಕಣ್ಣೇ ಸರಿ ಇಲ್ಲ.”

“ಆಕಾಸ ಇನ್ನೂ ಎಂಟ್ರಲ್ಲೇ ಐತೆ ಮೇಷ್ಟ್ರೇ. ನಾನೇನ್ ಮಾಡ್ಲಿ?”

ಅಪ್ಪ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡ. “ಪೋದುಂ, ಸಾಕು! ಕಣ್ ಕೆಟ್ಟೋಳ್ಗೆ ತೊಟ್ಟಿ ಯಾಕೆ? ಇನ್ಮೇಲೆ ನಿಮ್ಮತ್ತಿಗೆ ನೋಡ್ಕಂಡ್ ಓಗ್ಲಿ.”

ಲಡಿಗಳಿಗೆ ದೀಪದ ಹೊಗೆ ಹತ್ತಿರಬಹುದು, ಹೊಸದು ಅದ್ದಲಿ, ಆಗಲೂ ಎಂಟೇ ಅಂದರೆ ಕಣ್ಣಿನದೇ ದೋಷ — ಎಂದಿರಿ ನೀವು. ಹೊಗೆಯಲ್ಲವೆಂದು ನನಗೆ ಗೊತ್ತಿತ್ತು. ಒಂದು ಲಡಿಯನ್ನು ಅಂಟುವಾಳದಲ್ಲಿ ತೊಳೆದು ನೋಡಿದ್ದೆ, ಬಣ್ಣ ಬದಲಾಗಿರಲಿಲ್ಲ — ನೀವು ಕೇಳಲೇ ಇಲ್ಲ.

ಹೊಸ ಹನ್ನೆರಡಕ್ಕೂ ಒಂದೊಂದು ಮುಳುಗು ಕಡಿಮೆ ಕೊಟ್ಟೆ. ಅಂದು ಸಂಜೆ ಅದೇ ಹೊತ್ತಿಗೆ ಆಕಾಶ ಒಂಬತ್ತು! ನೀವು ಕುಣಿದಾಡಿಬಿಟ್ಟಿರಿ. ಹಳೆಯ ತಿಂಗಳ ನೋಟ್‌ಬುಕ್ಕನ್ನು ಹರಿದು ನಮ್ಮ ಒಲೆಗೇ ಹಾಕಿದಿರಿ — ನಾನು ನೋಡುತ್ತ ನಿಂತಿದ್ದೆ. ನನ್ನ ಕಣ್ಣನ್ನು ನಂಬದವರು ನನ್ನ ಕೈಯನ್ನು ನಂಬಿದಿರಲ್ಲ ಎಂದು ಒಳಗೊಳಗೇ ನಗು ಬಂತು. ಈಗ ಬರುವುದಿಲ್ಲ.

ತೊಟ್ಟಿ ಉಳಿಯಿತು. ನಿಮ್ಮ ಪ್ರಬಂಧವನ್ನು ಮದರಾಸಿನಲ್ಲಿ ಹೊಗಳಿದರು. ಮೊನ್ನೆ ಅಣ್ಣನ ಮೊಮ್ಮಗಳು ಕಾಲೇಜಿನ ಪುಸ್ತಕ ಓದಿ ಹೇಳಿದಳು — ಮೇಲಿನ ಗಾಳಿ ಹಿಂದಿನವರು ಎಣಿಸಿದ್ದಕ್ಕಿಂತ ದಟ್ಟವಂತೆ. ಮೇಷ್ಟ್ರೇ, ಆ ನಿಜ ನಿಮಗೆ ನಮ್ಮ ಮಾಳಿಗೆಯಲ್ಲೇ ಸಿಕ್ಕಿತ್ತು. ಕಿತ್ತುಕೊಂಡವಳು ನಾನು. ತೊಟ್ಟಿಗಾಗಿ ಕಿತ್ತುಕೊಂಡೆ, ಅದು ಕಾರಣ, ಸಮಜಾಯಿಷಿ ಅಲ್ಲ. ಕೇಳಿದ ದಿನ ಅತ್ತೆ.

ಆದರೆ ಒಂದು ಮಾತು ಬಿಟ್ಟುಕೊಡಲಾರೆ — ತಪ್ಪಿದ್ದು ನನ್ನ ಕಣ್ಣಲ್ಲ. ಹನ್ನೆರಡು ಲಡಿ ಮತ್ತೆ ಅದ್ದಿದ್ದೇನೆ, ಪೂರಾ ಮುಳುಗು ಕೊಟ್ಟು. ಈ ಕಾಗದದ ಜೊತೆ ನಿಮ್ಮ ಮಗನಿಗೆ ಕಳಿಸುತ್ತೇನೆ. ಅವನು ನಿಮ್ಮದೇ ಗಡಿಯಾರ ಹಿಡಿದು ಮಾಳಿಗೆ ಹತ್ತಿ ನೋಡಲಿ. ಆಕಾಶ ಇನ್ನೂ ಎಂಟರಲ್ಲೇ ಇದೆ.