ತುಳಿಯಬಾರದ ಹಲಗೆ

ನನ್ನ ಕೆಲಸ ಏನೆಂದು ಹೊಳೆನರಸೀಪುರದ ಆಚೆಗಿರುವ ನಮ್ಮೂರಲ್ಲಿ ಯಾರಾದರೂ ಕೇಳಿದರೆ, ಅತ್ತೆ "ಕಾಲೇಜಲ್ಲಿ ಅದೇನೋ ಅಲಗೆ ಮಾಡ್ತಾಳೆ" ಎಂದು ಮಾತು ಮುಗಿಸುತ್ತಿದ್ದರು. ಕೇಳಿದವರು ನಾನು ಮರಗೆಲಸದ ಮೇಷ್ಟ್ರು ಎಂದು ತಿಳಿದು ಸುಮ್ಮನಾಗುತ್ತಿದ್ದರು.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಕಾರ್ಬನ್ ನಾರಿನ ಕಪ್ಪು ಹಲಗೆ ಮಾಡುತ್ತೇನೆ. ಗಾಡಿಯ ಭಾರವನ್ನೂ ಅದೇ ಹೊರಬೇಕು, ಗಾಡಿ ಓಡಲು ಬೇಕಾದ ಕರೆಂಟನ್ನೂ ಅದೇ ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ಬೇರೆ ಬ್ಯಾಟರಿ ಇಲ್ಲ. ಗಟ್ಟಿ ಮಾಡಿದರೆ ಒಳಗೆ ಕರೆಂಟು ಉಳಿಯುವುದಿಲ್ಲ, ಕರೆಂಟು ಉಳಿಯುವಂತೆ ಮಾಡಿದರೆ ಹಲಗೆ ಹಪ್ಪಳವಾಗುತ್ತದೆ. ಇವೆರಡರ ಜಗಳ ಬಿಡಿಸುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಅಂತೂ ಒಂದು ಹಲಗೆ ನನ್ನ ಮಾತು ಕೇಳಿತು. ಅದನ್ನು ಹಳೇ ಸ್ಕೂಟರೊಂದಕ್ಕೆ ಕಾಲಿಡುವ ಜಾಗವಾಗಿ ಕೂರಿಸಿದೆ. ಸೋಮವಾರ, ಇದಕ್ಕೆ ದುಡ್ಡು ಕೊಡುವವರ ಕಡೆಯಿಂದ ತಜ್ಞರೊಬ್ಬರು ಬಂದು ನೋಡುವವರಿದ್ದರು. ಹಲಗೆ ಭಾರ ಹೊತ್ತು ಗಾಡಿಯನ್ನೂ ಓಡಿಸಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಲ್ಯಾಬಿಗೆ ಬೀಗ.

ಭಾನುವಾರ ಬೆಳಿಗ್ಗೆ ಅತ್ತೆಯ ಫೋನು ಬಂತು. "ಪೂಜೆ ಇಲ್ದೆ ಗಾಡಿ ಓಡಿಸ್ತೀಯಾ? ತಕಂಬಾ ಇಲ್ಲಿಗೆ." ಅದರ ಹಿಂದೆಯೇ ಮಾವ, ಡೈರಿಗೆ ಹಾಲಿನ ಕ್ಯಾನು ಸಾಗಿಸುವ ತಮ್ಮ ಪಿಕಪ್ ತಂದು, ಸ್ಕೂಟರನ್ನೂ ನನ್ನನ್ನೂ ಹೇರಿಕೊಂಡು ಹೊರಟರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ನಮ್ಮ ಕಡೆ ಗಾಡಿ ಪೂಜೆಯೆಂದರೆ ಹ್ಯಾಂಡಲ್ಲಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಬ್ಯಾಟರಿಗೆ ಅರಿಶಿನ ಕುಂಕುಮ. ಅತ್ತೆ ಬಟ್ಟಲು ಹಿಡಿದು ಸೀಟು ಎತ್ತಿ, ಬಗ್ಗಿ ನೋಡಿದರು.

"ಬ್ಯಾಟ್ರಿ ಎಲ್ಲವ್ವಾ ಮಡಗಿದ್ದೀಯೆ?"

"ಕಾಲಿಡೋ ಹಲಗೆನೇ ಬ್ಯಾಟರಿ, ಅತ್ತೆ."

ಅಷ್ಟರಲ್ಲಿ ಮಾವ ಹಾರ ಕಟ್ಟುವ ಭರದಲ್ಲಿ ಎಕ್ಕಡದ ಕಾಲನ್ನು ಆ ಹಲಗೆಯ ಮೇಲೇ ಊರಿದ್ದರು. ಕೆಂಡ ತುಳಿದವರಂತೆ ಎಗರಿ ಹಿಂದೆ ಸರಿದು, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಮೊದ್ಲೇ ಯೋಳ್ಬಾರ್ದೇನವ್ವಾ!"

ಅತ್ತೆ ಹಲಗೆಯ ತುಂಬ ಅರಿಶಿನ ಬಳಿದು, ನಡುವೆ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಇಟ್ಟರು. "ಒಳ್ಳೇದಾಗ್ಲಿ ಕಣವ್ವ" ಎಂದರು. ನಾನು ಮಾಡಿದ್ದಕ್ಕೆ ಆ ಮನೆಯಲ್ಲಿ ಕುಂಕುಮ ಸಿಕ್ಕಿದ್ದು ಅದೇ ಮೊದಲು. ಆ ಖುಷಿಯಲ್ಲಿ ಮುಂದಿನ ಎಡವಟ್ಟು ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಸೋಮವಾರ, ಕಾಲೇಜಿನ ಮೈದಾನದಲ್ಲಿ. ಮಾವ ಸ್ಕೂಟರ್ ಇಳಿಸಿಕೊಟ್ಟು, "ನೋಡ್ಕಂಡೇ ಓಯ್ತೀನಿ" ಎಂದು ನಿಂತಿದ್ದರು. ತಜ್ಞರು, "ಹಲಗೆ ಮೇಲೆ ಕಾಲೂರಿ ನಿಂತು ಓಡಿಸಿ, ನೋಡೋಣ" ಎಂದರು. ಲ್ಯಾಬಿನ ಸಹಾಯಕ ಮುಂದೆ ಬಂದ. ಅರಿಶಿನ ನೋಡಿದ. ಚಪ್ಪಲಿ ಬಿಟ್ಟ. ಮತ್ತೆ ನೋಡಿದ.

"ಪೂಜೆ ಆಗೈತಲ್ಲ ಮೇಡಂ, ಎಂಗೆ ತುಳಿಯದು?"

ಒದ್ದೆ ಬಟ್ಟೆ ತಂದು ಒರೆಸಿದೆ. ಕುಂಕುಮ ಹೋಯಿತು. ಅರಿಶಿನ ಮಾತ್ರ ನಾರಿನ ನೇಯ್ಗೆಗೆ ಇಳಿದು ಪಟ್ಟು ಹಿಡಿದಿತ್ತು. "ಒರೆಸಿದ್ರೆ ಪೂಜೆ ಓಗ್ಬುಡ್ತದಾ?" ಎಂದು ಅವನು ಕೇಳಿದ.

ನನಗೆ ಸಿಟ್ಟು ನೆತ್ತಿಗೇರಿತು. "ಬಿಡು, ನಾನೇ ಹತ್ತುತ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಲೆತ್ತಿದೆ. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಓದಿದ್ದು ತಲೆ, ಕಾಲು ಎಲ್ಲಿ ಓದಿತ್ತು? ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ ನನ್ನನ್ನು ನೋಡಿ ತಜ್ಞರು ನಗಲಿಲ್ಲ. ತಮ್ಮ ಬೂಟು ಬಿಚ್ಚಿ, ತಾವೇ ಹತ್ತುವವರಂತೆ ಬಂದರು. ಹಲಗೆಯ ಹತ್ತಿರ ಬಂದು ಅವರೂ ನಿಂತುಬಿಟ್ಟರು. "ಬೇರೆ ಏನಾದ್ರೂ ಭಾರ ಇಡಬಹುದಾ ನೋಡಿ" ಎಂದರು, ಸ್ವಲ್ಪ ನಾಚಿಕೊಂಡು.

"ತಾಳಿ ಸಾ" ಎಂದವರು ಮಾವ. ಪಿಕಪ್ಪಿನಿಂದ ತೊಳೆದಿಟ್ಟ ಎರಡು ಹಾಲಿನ ಕ್ಯಾನು ಇಳಿಸಿ, ಕಾಲೇಜಿನ ನಲ್ಲಿಯಲ್ಲಿ ಬಾಯಿಮಟ ನೀರು ತುಂಬಿದರು. "ಗಂಗಮ್ಮ ಕಣವ್ವ. ಗಂಗಮ್ಮ ಕುಂತ್ಕಂಡ್ರೆ ತಪ್ಪಿಲ್ಲ." ಕ್ಯಾನುಗಳನ್ನು ಹಲಗೆಯ ಮೇಲೆ ಕೂರಿಸಿ, ತಾವು ಸೀಟಿನಲ್ಲಿ ಕೂತು, ಎರಡೂ ಕಾಲನ್ನು ಆಚೀಚೆ ಗಾಳಿಯಲ್ಲಿ ಚಾಚಿಕೊಂಡು ಹೊರಟೇಬಿಟ್ಟರು.

ಹಲಗೆ ಬಗ್ಗಲಿಲ್ಲ. ಮೋಟಾರು ನಿಲ್ಲಲಿಲ್ಲ. ಮಾವನೂ ನಿಲ್ಲಲಿಲ್ಲ. ಮೈದಾನ ಒಂದು ಸುತ್ತು ಹಾಕಿ, ಗೇಟು ದಾಟಿ ರಸ್ತೆಗೆ ಹೋದರು.

ಹಲಗೆಯಲ್ಲಿದ್ದ ಕರೆಂಟು ಮೈದಾನದ ಎರಡು ಮೂರು ಸುತ್ತಿಗೆ ಸಾಲುವಷ್ಟೇ. ತಜ್ಞರು ಕಾಲುಚೀಲದಲ್ಲೇ ನಿಂತು ಗೇಟಿನ ಕಡೆ ನೋಡುತ್ತಿದ್ದರು. ಮಾವ ಗಾಡಿ ತಳ್ಳಿಕೊಂಡು ಬರುವುದು, ಲ್ಯಾಬಿಗೆ ಬೀಗ ಬೀಳುವುದು, ಎಲ್ಲ ಕಣ್ಣ ಮುಂದೆ ಬಂತು. ಆಗ ಗೇಟಿನಲ್ಲಿ ಮೊದಲು ಒಂದು ಕಾಲು ಕಂಡಿತು. ಆಮೇಲೆ ಕ್ಯಾನು, ಆಮೇಲೆ ಮಾವ, ಓಡುವ ಗಾಡಿಯ ಮೇಲೆಯೇ.

"ಎಲ್ಲಿಗೆ ಹೋಗಿದ್ರಿ ಮಾವ?"

"ಪಕ್ಕದ ಪೆಟ್ರೋಲ್ ಬಂಕ್‌ಗೆ. ಲೋಡ್ ಆಕಿದ್ಮ್ಯಾಲೆ ಚಕ್ರದ್ ಗಾಳಿ ನೋಡ್ಬ್ಯಾಡ್ವಾ?"

ತಜ್ಞರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಗ್ಗಿ ಹಲಗೆಯ ಅಡಿಯನ್ನೆಲ್ಲ ಸವರಿ ನೋಡಿ, "ಮುಂದುವರಿಸಿ" ಎಂದರು. ನಾನು ಅಲ್ಲೇ, ಎಲ್ಲರ ಎದುರಿಗೇ ಅತ್ತುಬಿಟ್ಟೆ. ಬೂಟು ಹಾಕಿಕೊಳ್ಳುತ್ತ ತಜ್ಞರು, "ಆದ್ರೆ ಕಾಲಿಡೋಕಾಗದ ಗಾಡೀನ ಯಾರಮ್ಮ ತಗೋತಾರೆ?" ಎಂದೂ ಕೇಳಿದರು.

ಸಂಜೆ ಅತ್ತೆಗೆ ಫೋನಿನಲ್ಲಿ ಅದನ್ನೇ ಹೇಳಿದೆ. "ಅದ್ಕೇನಂತೆ? ಮುಂದಿನದ್ನ ಮ್ಯಾಲಕ್ಕೆ ಮಾಡು. ಅಲ್ಲಿಗ್ಯಾರು ಕಾಲಿಕ್ತಾರೆ?" ಎಂದರು.

ಈಗ ಲ್ಯಾಬಿನಲ್ಲಿ ಗೂಡ್ಸ್ ಆಟೋದ ಚಾವಣಿ ತಯಾರಾಗುತ್ತಿದೆ. ಚಾವಣಿಯೇ ಯಾಕೆ ಎಂದವರಿಗೆ ನಾನು ತೂಕ, ಸುರಕ್ಷತೆ ಎಂದು ಉದ್ದುದ್ದ ಭಾಷಣ ಬಿಗಿಯುತ್ತೇನೆ. ಮೊನ್ನೆ ಊರಿಗೆ ಹೋಗಿದ್ದಾಗ ಪಕ್ಕದ ಮನೆಗೆ ಬಂದ ನೆಂಟರು, ನಿಮ್ಮ ಸೊಸೆ ಏನು ಮಾಡುತ್ತಾಳೆ ಎಂದು ಅತ್ತೆಯನ್ನು ಕೇಳಿದರು. ನಾನು ಅಡುಗೆಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ.

"ಬ್ಯಾಟ್ರಿ ಮಾಡ್ತಾಳೆ" ಎಂದರು ಅತ್ತೆ. "ನೋಡಕ್ಕೋದ್ರೆ ಎಕ್ಕಡ ಆಚೆಗೇ ಬುಟ್ಟು ಒಳಕ್ಕೋಗಿ."