ಅಜಂತಾಕ್ಕೆ ತಿರುಗಿದ ಯಾತ್ರಾ ಬಸ್ಸು

ನಮ್ಮಮ್ಮ ರಾಜಾಜಿನಗರದ ಒಂದು ಪ್ರೈಮರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಹದಿನಾಲ್ಕು ವರ್ಷ ಪಾಠ ಹೇಳಿದವಳು. ಆ ಹದಿನಾಲ್ಕು ವರ್ಷವೂ ಸಮಾಜ ಪಾಠದಲ್ಲಿ ತಪ್ಪದೆ ಅಜಂತಾ ಬರುತ್ತಿತ್ತು. ಅಮ್ಮ ಅಜಂತಾವನ್ನು ಕಂಡವಳಲ್ಲ. ಪುಸ್ತಕದಲ್ಲಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಕಪ್ಪು ಬಿಳುಪು ಚಿತ್ರ. ಮಸಿ ಮೆತ್ತಿಕೊಂಡು ಬೋಧಿಸತ್ವನ ಮೂಗು ಯಾವುದು, ಕಿರೀಟ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಅವನ ಕೈಯಲ್ಲಿದ್ದದ್ದನ್ನು ತೋರಿಸಿ ಪ್ರತಿವರ್ಷ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತಿತ್ತು: "ಮಿಸ್, ಅದು ಬದನೆಕಾಯಾ?"

"ತಾವರೆ ಕಣೋ, ಕೂತ್ಕೋ," ಎನ್ನುತ್ತಿದ್ದಳು ಅಮ್ಮ. ಮನೆಗೆ ಬಂದ ಮೇಲೆ ಮಾತ್ರ ನನ್ನ ಹತ್ತಿರ, "ನಂಗೂ ಬದನೆಕಾಯಿ ಥರಾನೇ ಕಾಣತ್ತೆ ಕಣೇ, ಯಾರಿಗೂ ಹೇಳ್ಬೇಡ," ಎಂದು ಒಪ್ಪಿಕೊಳ್ಳುತ್ತಿದ್ದಳು.

ನಾನು ಪಿಯುಸಿ ಓದುತ್ತಿದ್ದಾಗ, ಎಪ್ಪತ್ತರ ದಶಕದ ನಡುವಿನ ಒಂದು ದಸರೆಗೆ, ನಮ್ಮ ಬ್ಲಾಕಿನಿಂದ ಯಾತ್ರಾ ಬಸ್ಸು ಹೊರಟಿತು. ಪಂಢರಾಪುರ, ಶಿರಡಿ, ಘೃಷ್ಣೇಶ್ವರ, ತುಳಜಾಪುರ, ವಾಪಸ್ಸು. ಅಪ್ಪನಿಗೆ ರಜ ಸಿಗಲಿಲ್ಲ. ಅಮ್ಮ ನನ್ನನ್ನು ಜೊತೆಗೆ ಎಳೆದುಕೊಂಡಳು. ಹಿಂದಿನ ದಿನವಷ್ಟೇ ಆಯುಧಪೂಜೆ ಮುಗಿದಿತ್ತು. ಬಸ್ಸಿನ ಮೂತಿಗೆ ಕಟ್ಟಿದ ಬಾಳೆಕಂದು ಇನ್ನೂ ಹಸಿರಾಗಿತ್ತು. ಮೇಲೆ ಅಡಿಗೆ ಪಾತ್ರೆ, ಸೌದೆ, ಅಕ್ಕಿ ಮೂಟೆ. ಒಳಗೆ ಮಂಕಿ ಕ್ಯಾಪು ಹಾಕಿಕೊಂಡ ಹಿರಿಯರು. ಇಡೀ ಬಸ್ಸಿನಲ್ಲಿ ನನ್ನ ವಯಸ್ಸಿನವಳು ನಾನೊಬ್ಬಳೇ, ಅಮ್ಮನ ವಯಸ್ಸಿನವಳು ಅಮ್ಮನೊಬ್ಬಳೇ.

ಯಾತ್ರೆಯ ಯಜಮಾನರು ರಿಟೈರಾದ ಒಬ್ಬ ಪೋಸ್ಟ್ ಮಾಸ್ಟರು. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಎಷ್ಟು ಗಂಟೆಗೆ ಎಲ್ಲಿರಬೇಕು ಎಂಬ ಚೀಟಿ. ಸೀಟಿ ಊದಿದರೆ ಸ್ನಾನ, ಇನ್ನೊಮ್ಮೆ ಊದಿದರೆ ಊಟ. ಪಂಢರಾಪುರದಲ್ಲಿ ಒಬ್ಬರು ಅರ್ಧ ಮೈಗೆ ಸೋಪು ಹಚ್ಚಿಕೊಂಡೇ ಓಡಿ ಬಂದು ಬಸ್ಸು ಹತ್ತಿದ್ದರು.

ಘೃಷ್ಣೇಶ್ವರ ತಲುಪಿದಾಗ ಸಂಜೆಯಾಗಿತ್ತು. ಪಕ್ಕದಲ್ಲೇ ಎಲ್ಲೋರ. ಆದರೆ ಅಷ್ಟು ಹೊತ್ತಿಗೆ ಬಾಗಿಲು ಹಾಕಿದ್ದರು. ದೂರದ ಬಂಡೆಯಲ್ಲಿ ಸಾಲು ಸಾಲು ಕತ್ತಲ ಬಾಯಿಗಳು ಕಂಡವು, ಅಷ್ಟೇ. ಅಮ್ಮ ಅವನ್ನೇ ನೋಡುತ್ತ ನಿಂತಳು. ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ರಸ್ತೆ ಬದಿಯ ಹಲಗೆಯಲ್ಲಿ ಹಿಂದಿ ಅಕ್ಷರ ಕೂಡಿಸಿ ಓದಿದಳು: ಅ-ಜಂ-ತಾ. ಅವಳ ಕಿವಿ ಕೆಂಪಗಾಯಿತು. ಬಸ್ಸು ಹತ್ತಿದವಳು ಕೂರಲಿಲ್ಲ.

"ಯಜಮಾನ್ರೇ, ಒಂದು ಮಾತು. ಅಜಂತಾ ಇಲ್ಲಿಂದ ಮೂರು ಗಂಟೆ ದಾರಿ."

"ನಮ್ಮ ಚೀಟೀಲಿ ಇಲ್ವಲ್ಲ ಟೀಚರಮ್ಮ," ಎಂದರು ಪೋಸ್ಟ್ ಮಾಸ್ಟರು.

"ಇಲ್ಲ. ಅದಕ್ಕೇ ಕೇಳ್ತಾ ಇದೀನಿ."

"ನಾಳೆ ಹುಣ್ಣಿಮೆ. ನಾವು ತುಳಜಾಪುರದಲ್ಲಿರ್ಬೇಕು. ಅಲ್ಲದೆ ಅಲ್ಲೇನಿದೆ? ಪೂಜೆ ಇದೆಯಾ? ಮಂಗಳಾರತಿ ಆದ್ರೂ ಇದೆಯಾ? ದೇವರೇ ಇಲ್ದಿರೋ ಕಡೆ ಯಾತ್ರಾ ಬಸ್ಸಿಗೇನು ಕೆಲಸ?"

ಅಮ್ಮನ ಕ್ಲಾಸಿನ ದನಿ ಹೊರಬಂತು. "ದಶಾವತಾರ ಹೇಳಿ ನೋಡೋಣ."

ಹಳೆಯ ಕಾಲದ ಶಾಲೆಯಲ್ಲಿ ಕಲಿತ ಪೋಸ್ಟ್ ಮಾಸ್ಟರು ಪಾಪ, ಎದ್ದು ನಿಂತೇ ಬಿಟ್ಟರು. "ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ, ಪರಶುರಾಮ, ರಾಮ, ಕೃಷ್ಣ..." ಅಲ್ಲಿ ನಿಲ್ಲಿಸಿದರು.

"ಒಂಬತ್ತನೇದು?"

"ಬುದ್ಧ," ಎಂದರು ಮೆಲ್ಲಗೆ.

"ಹಾಗಿದ್ಮೇಲೆ ಒಂಬತ್ತನೇ ಅವತಾರಾನ ರಸ್ತೆ ಪಕ್ಕದಲ್ಲೇ ಬಿಟ್ಟು ಹೋಗೋದಾ ಸಾರ್?"

ಬಸ್ಸು ಗೊಳ್ಳೆಂದಿತು. ನಮ್ಮ ಎದುರುಮನೆಯ ಹುಬ್ಬಳ್ಳಿ ಅಜ್ಜಿ ಮುಂದಿನ ಸೀಟಿನಿಂದ ತಿರುಗಿ ಕೂತರು. ಮಗನ ಬ್ಯಾಂಕ್ ಕೆಲಸದ ಕಾರಣ ಬೆಂಗಳೂರಿಗೆ ಬಂದು ನೆಲೆಸಿದ್ದ ಅವರ ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. "ನನಗೇನ್ರಿ, ಲಿಂಗ ಕೊರಳಾಗ ಐತಿ. ಎಲ್ಲಿ ಕುಂತ್ರೂ ಪೂಜಾ ಆಗತೈತಿ. ನಡೀರಿ ಅಕ್ಕೋರ, ನಿಮ್ಮ ಬುದ್ಧಪ್ಪನ್ನ ನೋಡೇ ಬರೋಣು!"

ಪೋಸ್ಟ್ ಮಾಸ್ಟರು ಒಪ್ಪುವವರ ಕೈ ಎತ್ತಿಸಿದರು. ಅಡಿಗೆಯವರೂ ಎತ್ತಿದರು, ಡ್ರೈವರೂ ಎತ್ತಿದ. ಪೋಸ್ಟ್ ಮಾಸ್ಟರ ಹೆಂಡತಿ ಗಂಡನ ಮುಖ ನೋಡದೆ ಎರಡೂ ಕೈ ಎತ್ತಿದರು.

"ಎರಡು ಗಂಟೆ," ಎಂದರು ಪೋಸ್ಟ್ ಮಾಸ್ಟರು. "ಎರಡೇ ಗಂಟೆ. ಸೀಟಿ ಊದಿದ್ರೆ ಎಲ್ಲಿದ್ರೂ ಬಸ್ಸಿಗೆ ಬರ್ಬೇಕು."

ಅಮ್ಮ ದೊಪ್ಪೆಂದು ನನ್ನ ಪಕ್ಕ ಕೂತಳು. ಮೂರು ಗಂಟೆಯ ದಾರಿಯುದ್ದಕ್ಕೂ ಅವಳು ಸುಮ್ಮನೆ ಕೂರಲಿಲ್ಲ. ಕಿಟಕಿಯಾಚೆ ಯಾವ ಗುಡ್ಡ ಕಂಡರೂ, "ಅದೇ ಇರ್ಬೇಕು ಕಣೇ," ಎಂದು ನನ್ನ ತೊಡೆ ಚಿವುಟುತ್ತಿದ್ದಳು. ನಾನು ಅದುವರೆಗೆ ಕಂಡಿದ್ದ ದೊಡ್ಡ ಬಂಡೆಯೆಂದರೆ ಬೆಂಗಳೂರಿನ ಅಂಚಿನ ಬ್ಯಾಡರಹಳ್ಳಿಯಾಚೆಯ ಕಲ್ಲು ಕ್ವಾರಿ. ಅಂಥದ್ದೇ ಇನ್ನೊಂದಿಷ್ಟು ಇರಬಹುದು ಅಂದುಕೊಂಡಿದ್ದೆ.

ಬಸ್ಸು ಬೆಟ್ಟದ ಬುಡದಲ್ಲಿ ನಿಂತಿತು. ಅಲ್ಲಿಂದ ಏನೂ ಕಾಣಲಿಲ್ಲ. ಮೆಟ್ಟಿಲು ಹತ್ತಿ ಒಂದು ತಿರುವು ದಾಟಿದೆವು. ಇಡೀ ಕಣಿವೆ ಒಮ್ಮೆಗೇ ಎದುರಾಯಿತು. ಕುದುರೆ ಲಾಳದಂತೆ ಬಾಗಿದ ಕಡಿದಾದ ಬಂಡೆ. ಅದರ ನೆತ್ತಿಯ ಮೇಲೂ ಪಾದದಲ್ಲೂ ಮಳೆಗಾಲ ಬಿಟ್ಟುಹೋದ ಹಸಿರು. ತುದಿಯಲ್ಲಿ ಹಂತ ಹಂತವಾಗಿ ಇಳಿಯುವ ಜಲಪಾತ. ಕೆಳಗೆ ಕಲ್ಲುಗುಂಡುಗಳ ನಡುವೆ ಬಳಸಿ ಹರಿಯುವ ಹೊಳೆ. ಬಂಡೆಯ ಹೊಟ್ಟೆಯುದ್ದಕ್ಕೂ ಒಂದರ ಪಕ್ಕ ಒಂದು ಗುಹೆ, ಕಂಬಗಳು, ಬಾಗಿಲುಗಳು.

ಮೊದಲು ಬಾಯಿಬಿಟ್ಟವರು ಪೋಸ್ಟ್ ಮಾಸ್ಟರು. "ಅಯ್ಯೋ! ಟಪಾಲು ವಿಂಗಡಿಸೋ ಗೂಡುಗಳಿದ್ದ ಹಾಗಿದೆಯಲ್ರೀ!"

ಅಮ್ಮನಿಗೆ ನಗು ಶುರುವಾಯಿತು. "ನಾನು ಮಕ್ಕಳಿಗೆ ಬೆಟ್ಟದ ತುದೀಲಿದೆ ಅಂತ ಹೇಳ್ಕೊಟ್ಟಿದೀನಿ ಕಣೇ. ಇದು ನೋಡಿದ್ರೆ ಮಧ್ಯದಲ್ಲಿದೆ! ಹದಿನಾಲ್ಕು ವರ್ಷ ಸುಳ್ಳು ಹೇಳಿದೀನಿ!" ಕಲ್ಲಿನ ಮೋಟುಗೋಡೆ ಹಿಡಿದುಕೊಂಡು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಅವಳನ್ನು ನೋಡಿ ನನಗೂ ಬಂತು. ಹಿಂದೆ ಯಾರೋ ಕೂಗುವುದು ಕೇಳಿ ತಿರುಗಿದರೆ ಹುಬ್ಬಳ್ಳಿ ಅಜ್ಜಿ ಡೋಲಿಯಲ್ಲಿ ಬರುತ್ತಿದ್ದರು. ಕುರ್ಚಿಗೆ ಬೊಂಬು ಕಟ್ಟಿ ನಾಲ್ಕು ಜನ ಹೊತ್ತಿದ್ದರು. "ಏ ತಮ್ಮಾ, ಸಾವಕಾಶ! ನನ್ನ ಮದಿವ್ಯಾಗೂ ಹಿಂಗ ಯಾರೂ ಹೊತ್ತಿರಲಿಲ್ಲ!" ಎಂದು ಕೂಗಿ, ಅದನ್ನೇ ತಮಗೆ ಬಂದ ಮರಾಠಿಯಲ್ಲಿ ಹೊತ್ತವರಿಗೂ ಹೇಳಿದರು. ಅವರು ನಕ್ಕ ರಭಸಕ್ಕೆ ಡೋಲಿ ಕುಲುಕಾಡಿತು. ಅಜ್ಜಿ ಇನ್ನಷ್ಟು ಕೂಗಿದರು.

ಮೊದಲನೆಯ ಗುಹೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಒಳಗೆ ಕತ್ತಲು, ಕಾಲಡಿಗೆ ತಣ್ಣನೆಯ ಕಲ್ಲು. ಏನೂ ಕಾಣದೆ ಒಬ್ಬರ ಸೆರಗು ಒಬ್ಬರು ಹಿಡಿದು ನಿಂತಿದ್ದೆವು. ಹೊರಗೆ ಒಬ್ಬ ಮನುಷ್ಯ ಹೊಳೆಯುವ ದೊಡ್ಡ ತಗಡೊಂದನ್ನು ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿದ. ಬೆಳಕು ನೆಲದ ಮೇಲೆ ಜಾರಿ ಬಂದು, ಕಂಬ ಹತ್ತಿ, ಗೋಡೆಗೆ ಹರಡಿತು. ಗೋಡೆಯ ತುಂಬ ಜನ! ರಾಜರು, ದಾಸಿಯರು, ಆನೆ, ಹಂಸ, ಹಣ್ಣಿನ ಗೊಂಚಲು. ಕೆಮ್ಮಣ್ಣಿನ ಕೆಂಪು, ಗಿಳಿ ಹಸಿರು, ನೀಲಿ.

"ಬಣ್ಣ ಇದೆ," ಎಂದಳು ಅಮ್ಮ. ಅವಳ ದನಿ ಚಿಕ್ಕದಾಗಿತ್ತು. "ಬಣ್ಣ ಇದೆ ಅಂತ ಯಾರೂ ಹೇಳ್ಲೇ ಇಲ್ವಲ್ಲೇ."

ಬೆಳಕು ಒಳಗಿನ ಬಾಗಿಲಿನ ಪಕ್ಕಕ್ಕೆ ಸರಿಯಿತು. ಅಲ್ಲಿ ಅವನಿದ್ದ. ಮನುಷ್ಯನಿಗಿಂತ ಎತ್ತರ, ಬಾಗಿದ ರೆಪ್ಪೆ, ತಲೆಯ ಮೇಲೆ ಕಿರೀಟ, ಕೊರಳಲ್ಲಿ ಮುತ್ತಿನ ಸರ. ಎರಡು ಬೆರಳ ನಡುವೆ ಹಗುರವಾಗಿ ಹಿಡಿದದ್ದು...

"ತಾವರೆ!"

ಇಡೀ ಗುಹೆ ಬೆಚ್ಚಿಬಿತ್ತು. ಅಮ್ಮ ನಿಂತಲ್ಲೇ ಎರಡು ಸಲ ಕುಪ್ಪಳಿಸಿದಳು. "ತಾವರೆ ಕಣೇ! ಬದನೆಕಾಯಿ ಅಲ್ಲ! ನೋಡು, ದಳ ನೋಡು! ತಾವರೇನೇ!" ಕಾವಲುಗಾರ ಓಡಿಬಂದು ಗದರಿದ. ಅಮ್ಮ ಅವನ ಕೈ ಹಿಡಿದು ಕನ್ನಡದಲ್ಲೇ, "ತಾವರೆ ಅಪ್ಪ, ತಾವರೆ," ಎಂದು ತೋರಿಸಿದಳು. ಆ ಗೋಡೆಯನ್ನು ದಿನವೂ ಕಾಯುವವನು ಗಂಭೀರವಾಗಿ ತಲೆಯಾಡಿಸಿ, ತನ್ನ ಭಾಷೆಯಲ್ಲಿ, "ಕಮಳ್," ಎಂದ. ಇಬ್ಬರೂ ಒಪ್ಪಿಕೊಂಡ ಹಾಗೆ ನಕ್ಕರು. ಬಸ್ಸಿನವರೆಲ್ಲ ಸುತ್ತ ನೆರೆದರು. ಆಮೇಲೆ ಅಮ್ಮ ಒಂದೊಂದು ಗುಹೆಗೂ ಮುಂದೆ ಓಡಿದಳು. ಹೌದು, ಓಡಿದಳು. ಆ ಕಡೆ ಈ ಕಡೆ ನೋಡದೆ ರಸ್ತೆ ಕೂಡ ದಾಟದ ನಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಓಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಕೊನೆಯ ಕಡೆಯ ಗುಹೆಯೊಂದು ಉದ್ದನೆಯ ಪ್ರಾರ್ಥನಾ ಮಂದಿರ. ಎರಡು ಸಾಲು ಕಂಬ, ಮೇಲೆ ಪಕ್ಕೆಲುಬಿನಂತೆ ಕೊರೆದ ಕಲ್ಲಿನ ಕಮಾನು, ಎದುರಿಗೆ ಸ್ತೂಪ. ಕೊಟ್ಟ ಎರಡು ಗಂಟೆ ಮುಗಿದಿತ್ತು. ಪೋಸ್ಟ್ ಮಾಸ್ಟರು ಗಡಿಯಾರ ನೋಡಿ, ಅಭ್ಯಾಸಬಲದಿಂದ ಅಲ್ಲೇ ಸೀಟಿ ಊದಿಬಿಟ್ಟರು.

ಅಬ್ಬಾ! ಸದ್ದು ಮೇಲಕ್ಕೆ ಹೋಗಿ, ಕಮಾನಿನಲ್ಲಿ ಸುತ್ತಿ, ಹತ್ತು ಸೀಟಿಗಳಾಗಿ ನಮ್ಮ ಮೇಲೆ ಸುರಿಯಿತು. ಹುಬ್ಬಳ್ಳಿ ಅಜ್ಜಿ ಕಿವಿ ಮುಚ್ಚಿಕೊಂಡು, "ಶಿವಾ!" ಎಂದರು. ಅದೂ ತಿರುಗಿ ಬಂತು: ಶಿವಾ... ವಾ... ವಾ. ಊದಿದ ಪೋಸ್ಟ್ ಮಾಸ್ಟರೇ ಎಲ್ಲರಿಗಿಂತ ಹೆಚ್ಚು ಹೆದರಿ ಕಂಬ ಹಿಡಿದುಕೊಂಡಿದ್ದರು. ಅವರ ಹೆಂಡತಿ ನಕ್ಕರು. ಆ ನಗುವೂ ಹತ್ತಾಯಿತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಅಮ್ಮ ಸ್ತೂಪದ ಎದುರು ನಿಂತು ಕೈ ಎತ್ತಿದಳು. "ಎರಡೊಂದ್ಲ?"

ಬಸ್ಸಿಗೆ ಬಸ್ಸೇ ಕೂಗಿತು: "ಎರಡು!"

"ಎರಡೆರಡ್ಲ?"

"ನಾಲ್ಕು!"

ಬಂಡೆಯೂ ಹೇಳಿತು, ನಾಲ್ಕು, ನಾಲ್ಕು, ಅಂತ. ಅರವತ್ತು ದಾಟಿದವರೆಲ್ಲ ಕೈಕಟ್ಟಿ ನಿಂತು ಎರಡರ ಮಗ್ಗಿ ಮುಗಿಸಿದರು. ಮೂರರದ್ದು ಶುರುಮಾಡಿದಾಗ ಕಾವಲುಗಾರ ಬಂದು ತುಟಿಯ ಮೇಲೆ ಬೆರಳಿಟ್ಟ. ಅವನ ಮೀಸೆಯ ಕೆಳಗೂ ನಗು ಇತ್ತು.

ಹೊರಡೋಣ ಎಂದು ತಿರುಗಿದರೆ ಪೋಸ್ಟ್ ಮಾಸ್ಟರೇ ಇಲ್ಲ. ಹುಡುಕಿದಾಗ ಎಡಗಡೆಯ ಓಣಿಯಲ್ಲಿ, ಗೋಡೆಯುದ್ದಕ್ಕೂ ಮಲಗಿದ ಭಾರಿ ಬುದ್ಧನ ಪಾದದ ಹತ್ತಿರ ನಿಂತಿದ್ದರು. ಮಂಕಿ ಕ್ಯಾಪು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಬುದ್ಧ ಕಣ್ಣು ಮುಚ್ಚಿದ್ದ. ತಲೆದಿಂಬು ಕೂಡ ಕಲ್ಲಿನದೇ, ಆದರೂ ತಲೆಯ ಭಾರಕ್ಕೆ ತಗ್ಗಿದ ಹಾಗೆ ಕಾಣುತ್ತಿತ್ತು.

"ಮೆಲ್ಲಗೆ ಮಾತಾಡಿ ಟೀಚರಮ್ಮ," ಎಂದರು ಪಿಸುದನಿಯಲ್ಲಿ. "ಮಲಗಿದಾರೆ."

ಆಮೇಲೆ ಸ್ತೂಪಕ್ಕೆ ಮೂರು ಸುತ್ತು ಬರುತ್ತೇನೆಂದು ಹೊರಟವರು ಹನ್ನೊಂದು ಬಂದರು. ನಾವು ಕಾದೆವು. ಯಾರೂ ಗಡಿಯಾರದ ಮಾತೆತ್ತಲಿಲ್ಲ.

ಅಡಿಗೆಯವರು ಹೊಳೆಯ ದಡಕ್ಕೆ ಚಿತ್ರಾನ್ನ ತಂದಿದ್ದರು. ಕೈ ತೊಳೆಯಲು ಅಮ್ಮ ಒಂದು ಗುಂಡುಕಲ್ಲಿನ ಮೇಲೆ ಬಗ್ಗಿದಳು, ಜಾರಿದಳು, ಹಿಡಿಯಲು ಹೋದ ನನ್ನನ್ನೂ ಎಳೆದುಕೊಂಡು ನೀರಿಗೆ ಬಿದ್ದಳು. ಮೊಣಕಾಲುದ್ದದ ನೀರು. ಏಳಲು ಹೋದರೆ ನಗು, ನಗುತ್ತ ಮತ್ತೆ ಬೀಳುವುದು. ಹುಬ್ಬಳ್ಳಿ ಅಜ್ಜಿ ದಡದಲ್ಲಿ ನಿಂತು ಒಂದು ನಿಮಿಷ ನೋಡಿದರು. "ನೀವಷ್ಟ ಯಾಕ?" ಎಂದು ಸೆರಗು ಬಿಗಿದುಕೊಂಡು ಬಂದು ನಮ್ಮ ಪಕ್ಕದಲ್ಲೇ ಹೊಳೆಯಲ್ಲಿ ಕೂತುಬಿಟ್ಟರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಪೋಸ್ಟ್ ಮಾಸ್ಟರ ಹೆಂಡತಿ ನೀರೆರಚಿದ್ದು ನೇರ ಗಂಡನ ಮುಖಕ್ಕೆ. ಅವರು ಕನ್ನಡಕ ತೆಗೆದು ಒರೆಸಿದರು. ಜೇಬಿನ ಚೀಟಿ ಒದ್ದೆಯಾಗಿ ಶಾಯಿ ಕದಡಿತ್ತು. ಅದನ್ನು ಬಿಡಿಸಿ ನೋಡಿ, "ತುಳಜಾಪುರ ಒಂದು ಓದಕ್ಕೆ ಬರತ್ತೆ, ಸಾಕು," ಎಂದರು.

ತುಳಜಾಪುರವನ್ನು ಹುಣ್ಣಿಮೆಯ ಬೆಳಿಗ್ಗೆಯೇ ತಲುಪಿದೆವು. ದರ್ಶನವೂ ಆಯಿತು. ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಅಜಂತಾದಿಂದ ವಾಪಸ್ಸು ಬಂದ ಮಧ್ಯಾಹ್ನದ ರಸ್ತೆ. ಗಂಡಸರನ್ನೆಲ್ಲ ಕೆಳಗಿಳಿಸಿ ಹೆಂಗಸರು ಬಸ್ಸಿನಲ್ಲೇ ಬಟ್ಟೆ ಬದಲಾಯಿಸಿದ್ದರು. ಒದ್ದೆ ಸೀರೆಗಳನ್ನು ಕಿಟಕಿಯ ಸರಳಿಗೆ ಕಟ್ಟಿ ಹೊರಗೆ ಬಿಟ್ಟಿದ್ದರು. ಬಸ್ಸು ಓಡತೊಡಗಿದ ಕೂಡಲೇ ಎರಡೂ ಕಡೆ ಹಳದಿ, ಹಸಿರು, ಕೆಂಪು ಸೀರೆಗಳು ಪಟಪಟನೆ ಹಾರಿದವು. ಜೋಳದ ಹೊಲದಲ್ಲಿದ್ದವರು ನೆಟ್ಟಗಾಗಿ, ಯಾವುದೋ ಮದುವೆ ದಿಬ್ಬಣವೆಂದುಕೊಂಡು ಕೈ ಬೀಸಿದರು. ಅಮ್ಮ ಅರ್ಧ ಮೈ ಕಿಟಕಿಯ ಹೊರಗೆ ಹಾಕಿ, ಒಬ್ಬರನ್ನೂ ಬಿಡದೆ, ಎಲ್ಲರಿಗೂ ತಿರುಗಿ ಕೈ ಬೀಸುತ್ತಿದ್ದಳು.